ವರ್ಡ್‌ನಲ್ಲಿ ಡಿಲೀಟ್ ಆಗದ ಗೆರೆ

ವರ್ಡ್‌ನಲ್ಲಿ ಟೈಪ್ ಮಾಡುವಾಗ ಅಡ್ಡಗೆರೆಯೊಂದು ಬಂದು, ಸೆಲೆಕ್ಟೂ ಆಗದೆ ಡಿಲೀಟೂ ಆಗದೆ ಉಳಿದಿದೆಯೇ? ಅದು ಬಹುಶಃ ಬಾರ್ಡರ್, ಅಂದರೆ ಪ್ಯಾರಾದ ಅಂಚಿಗೆ ಹಾಕುವ ಗೆರೆ. ಮೂರು ಹೈಫನ್ ಹಾಕಿ ಎಂಟರ್ ಒತ್ತಿದರೆ ವರ್ಡ್ ತಾನಾಗಿಯೇ ಮೇಲಿನ ಪ್ಯಾರಾಗೆ ಅದನ್ನು ಹಾಕಿಬಿಡುತ್ತದೆ. ಅದು ಅಕ್ಷರ ಅಲ್ಲ, ಅದಕ್ಕೇ ಸೆಲೆಕ್ಟ್ ಆಗುತ್ತಿಲ್ಲ.

ಗೆರೆಯ ಮೇಲಿನ ಸಾಲಿನಲ್ಲಿ ಕರ್ಸರ್ ಇಡಿ. ಹೋಮ್ ಟ್ಯಾಬ್‌ನಲ್ಲಿ ಬಾರ್ಡರ್ಸ್ ಪಕ್ಕದ ಬಾಣ ಒತ್ತಿ, ನೋ ಬಾರ್ಡರ್ ಆರಿಸಿ. ಹೋಗದಿದ್ದರೆ ಅದು ಇನ್ನೊಂದು ಪ್ಯಾರಾಗೂ ಅಂಟಿರಬಹುದು. ಮೇಲಿನದು, ಕೆಳಗಿನದು ಎರಡನ್ನೂ ಸೆಲೆಕ್ಟ್ ಮಾಡಿ ಮತ್ತೆ ಹಾಗೇ ಮಾಡಿ. ಸುಮ್ನೆ ಎಂಟರ್ ಒತ್ತುತ್ತಾ ಹೋಗಬೇಡಿ, ಗೆರೆ ಇನ್ನೂ ಕೆಳಗೆ ಜಾರುತ್ತದೆ.

ಮತ್ತೆ ಬರಬಾರದು ಅಲ್ವಾ? ವಿಂಡೋಸ್ ಆದರೆ ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್‌ಗೆ ಹೋಗಿ. ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್ ಟ್ಯಾಬ್‌ನಲ್ಲಿ ಬಾರ್ಡರ್ ಲೈನ್ಸ್ ಟಿಕ್ ತೆಗೆದು ಓಕೆ ಕೊಡಿ.