'ವೆರಿ ಹ್ಯಾಪಿ' ಬಿಟ್ಟರೆ ಬೇರೆ ಮಾತೇ ಬರಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಓದಿದ್ದು ಪೂರ್ತಿ ಕನ್ನಡ ಮೀಡಿಯಂ. ಈಗ ಬೆಂಗಳೂರಿನ ಕಂಪನಿಯಲ್ಲಿದ್ದೇನೆ. ಮೀಟಿಂಗ್, ಮೇಲ್ ಎಲ್ಲ ಹೇಗೋ ನಿಭಾಯಿಸುತ್ತೇನೆ. ಆದರೆ ಟೀಮಿನಲ್ಲಿ ಯಾರಿಗಾದರೂ ಮಗು ಆಯ್ತು, ಪ್ರಮೋಷನ್ ಬಂತು ಅಂದರೆ 'ವೆರಿ ಹ್ಯಾಪಿ', 'ಸೂಪರ್' ಬಿಟ್ಟು ಇನ್ನೊಂದು ಮಾತು ಹೊರಡೋದಿಲ್ಲ. ಮೊನ್ನೆ ಇಂಗ್ಲೆಂಡಿನ ಮ್ಯಾನೇಜರ್ ನನ್ನ ಕೆಲಸ ನೋಡಿ 'ನಾಟ್ ಬ್ಯಾಡ್ ಅಟ್ ಆಲ್' ಅಂದರು. ಖುಷಿಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.
– ದಾವಣಗೆರೆಯ ಓದುಗರು

ಉತ್ತರ: ಮೊದಲು ಮ್ಯಾನೇಜರ್ ವಿಷಯ ಮುಗಿಸೋಣ. ಖುಷಿಪಡಿ, ಅದು ಒಳ್ಳೆಯ ಮೆಚ್ಚುಗೆಯೇ. ಇಂಗ್ಲೆಂಡಿನವರು ಹೊಗಳುವಾಗ ಸ್ವಲ್ಪ ಕೈ ಬಿಗಿ ಹಿಡಿಯುತ್ತಾರೆ. 'ಪರವಾಗಿಲ್ವೇ, ಚೆನ್ನಾಗೇ ಮಾಡಿದ್ದೀಯ' ಅಂತ ನಮ್ಮ ಹಿರಿಯರು ಹೇಳುವುದಿಲ್ವಾ, ಅದೇ ಧಾಟಿ. 'ಹೇಗಿದ್ದೀರಿ' ಅಂದರೆ 'ಕಾಂಟ್ ಕಂಪ್ಲೇನ್' ಅನ್ನುತ್ತಾರೆ. ಎಲ್ಲ ಚೆನ್ನಾಗಿದೆ ಅಂತಲೇ ಅರ್ಥ. 'ಐ ಕುಡಂಟ್ ಬಿ ಹ್ಯಾಪಿಯರ್' ಅಂದಾಗಲೂ ಹಲವರು ಗಾಬರಿಯಾಗುತ್ತಾರೆ. ಇದಕ್ಕಿಂತ ಜಾಸ್ತಿ ಖುಷಿಪಡುವುದಕ್ಕೆ ಜಾಗವೇ ಇಲ್ಲ ಅಂತ ಅವರು ಹೇಳುತ್ತಿದ್ದಾರೆ, ಅಷ್ಟೇ. ಆದರೆ ಅಮೆರಿಕದ ಕ್ಲೈಂಟಿಗೆ ನೀವು 'ನಾಟ್ ಬ್ಯಾಡ್' ಅನ್ನಬೇಡಿ. ಅಲ್ಲಿ ಸಣ್ಣ ಕೆಲಸಕ್ಕೂ 'ಆಸಮ್', 'ಅಮೇಜಿಂಗ್' ಕೇಳಿ ರೂಢಿ. ಅವರ ಮುಖ ಸಣ್ಣಗಾದೀತು.

ಇನ್ನು 'ವೆರಿ ಹ್ಯಾಪಿ'. ಅದರಲ್ಲಿ ಏನೂ ತಪ್ಪಿಲ್ಲ. ನೀವು ಹೊಸ ಪದಗಳನ್ನು ಬಾಯಿಪಾಠ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಖುಷಿ ಯಾರದು? ಕನ್ನಡದಲ್ಲಿ ನಮಗೆ ಆ ತಲೆನೋವು ಇಲ್ಲ. ಮಗು ಆಯ್ತಂತೆ, ಖುಷಿ ಆಯ್ತು. ಬಹುಮಾನ ಬಂತು, ಖುಷಿ ಆಯ್ತು. ನೀವು ಬಂದಿರಿ, ಖುಷಿ ಆಯ್ತು. ಎಲ್ಲದಕ್ಕೂ ಒಂದೇ ಮಾತು ಸಾಕು. ಇಂಗ್ಲಿಷಿನಲ್ಲಿ 'ಹ್ಯಾಪಿ' ಅಂದ ಮೇಲೆ ಬರುವ ಪುಟ್ಟ ಪದ ಎಲ್ಲವನ್ನೂ ತೀರ್ಮಾನ ಮಾಡುತ್ತದೆ.

ಸಹೋದ್ಯೋಗಿಗೆ ಮಗುವಾದರೆ ಸಂತೋಷ ಅವರದು, ನೀವು ಅದರಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದೀರಿ. ಅಲ್ಲಿ 'ಐಯಾಮ್ ಸೋ ಹ್ಯಾಪಿ ಫಾರ್ ಯೂ' ಅನ್ನಬೇಕು. 'ಹ್ಯಾಪಿ ವಿತ್ ಯೂ' ಅಂದರೆ ನಿಮ್ಮ ಬಗ್ಗೆ ನನಗೆ ತೃಪ್ತಿಯಿದೆ ಅಂದ ಹಾಗಾಗುತ್ತದೆ. ಹೊಸದಾಗಿ ಅಪ್ಪನಾದವನಿಗೆ ಪಾಪ, ಮೇಲಧಿಕಾರಿ ಮಾರ್ಕ್ಸ್ ಕೊಟ್ಟಂತೆ ಕೇಳಿಸುತ್ತದೆ! 'ವಿತ್' ಬರಬೇಕಾದ್ದು ಕೆಲಸಕ್ಕೆ, ವಸ್ತುವಿಗೆ: 'ಐಯಾಮ್ ಹ್ಯಾಪಿ ವಿತ್ ದ ರಿಪೋರ್ಟ್'. ನಿಮ್ಮ ಮ್ಯಾನೇಜರ್ ಮೀಟಿಂಗ್ ಮುಗಿಸುವಾಗ 'ಆರ್ ಯೂ ಹ್ಯಾಪಿ ವಿತ್ ದಟ್?' ಅಂತ ಕೇಳುತ್ತಿರಬಹುದು. ಅವರು ನಿಮ್ಮ ಮನಸ್ಸಿನ ಸ್ಥಿತಿ ವಿಚಾರಿಸುತ್ತಿಲ್ಲ, ಒಪ್ಪಿಗೆನಾ ಅಂತ ಕೇಳುತ್ತಿದ್ದಾರೆ. ಒಪ್ಪಿಗೆ ಇಲ್ಲದಿದ್ದರೆ ಅಲ್ಲೇ ಹೇಳಿಬಿಡಿ. ಸುಮ್ನೆ ನಕ್ಕು 'ಎಸ್, ವೆರಿ ಹ್ಯಾಪಿ' ಅಂದರೆ ಆ ಕೆಲಸ ನಿಮ್ಮ ತಲೆಗೇ ಬರುತ್ತದೆ.

ಬೇರೆಯವರಿಂದ ನಿಮಗೆ ಖುಷಿ ಸಿಕ್ಕಿತು ಅನ್ನಿ, ಆಗ 'ದಟ್ ಮೇಡ್ ಮೈ ಡೇ' ಅನ್ನಿ. ನಿಮ್ಮ ಒಂದು ಮಾತಿನಿಂದ ನನ್ನ ದಿನವೇ ಚೆನ್ನಾಯಿತು ಅನ್ನುವ ಭಾವ. ಯಾರಾದರೂ ಮೇಲ್‌ನಲ್ಲಿ ನಿಮ್ಮನ್ನು ಹೊಗಳಿದರೆ 'ಥ್ಯಾಂಕ್ಸ್' ಜೊತೆಗೆ ಇದೊಂದನ್ನು ಸೇರಿಸಿ ನೋಡಿ. 'ಐ ಗಾಟ್ ಹ್ಯಾಪಿ', 'ಐ ಬಿಕೇಮ್ ಹ್ಯಾಪಿ' ಅಂತ ಬರೆಯುವವರಿದ್ದಾರೆ. ಇದು 'ನನಗೆ ಖುಷಿ ಆಯ್ತು' ಅನ್ನುವುದರ ನೇರ ನೆರಳು. ನಮ್ಮಲ್ಲಿ ಖುಷಿ ಆಗುತ್ತದೆ, ಅವರಲ್ಲಿ ಮನುಷ್ಯ ಖುಷಿಯಾಗಿರುತ್ತಾನೆ. 'ಐ ವಾಸ್ ಸೋ ಹ್ಯಾಪಿ' ಸಾಕು.

ಸುದ್ದಿ ಎಷ್ಟು ದೊಡ್ಡದು ಅನ್ನುವುದನ್ನೂ ನೋಡಿಕೊಳ್ಳಿ. 'ಪ್ಲೀಸ್ಡ್' ತಣ್ಣಗಿನ ಪದ, ಔಪಚಾರಿಕ ಪತ್ರಕ್ಕೆ ಸರಿ. 'ಡಿಲೈಟೆಡ್' ಮರ್ಯಾದೆಯೂ ಇರುವ, ಬೆಚ್ಚಗೂ ಇರುವ ಪದ. ಅನುಮಾನ ಬಂದಾಗ ನಾನು ಇದನ್ನೇ ಶಿಫಾರಸು ಮಾಡುತ್ತೇನೆ. 'ಥ್ರಿಲ್ಡ್' ಇನ್ನೂ ಒಂದು ಮೆಟ್ಟಿಲು ಮೇಲೆ. ಆದರೆ ಲಿಂಕ್ಡ್‌ಇನ್‌ನಲ್ಲಿ ದಿನ ಬೆಳಗಾದರೆ ಎಲ್ಲರೂ 'ಥ್ರಿಲ್ಡ್ ಟು ಅನೌನ್ಸ್' ಅಂದು ಅಂದು ಅದರ ರುಚಿ ಕೆಟ್ಟಿದೆ. ಇವೆಲ್ಲಕ್ಕಿಂತ ಮೇಲೆ 'ಓವರ್ ದ ಮೂನ್'. 1970ರ ದಶಕದಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಮ್ಯಾನೇಜರ್‌ಗಳು ಗೆದ್ದ ಕೂಡಲೇ ಟಿವಿಯವರ ಮುಂದೆ ಇದನ್ನೇ ಹೇಳುತ್ತಿದ್ದರು. ಸೋತರೆ 'ಸಿಕ್ ಆಸ್ ಎ ಪ್ಯಾರಟ್', ಅಂದರೆ ಕಾಯಿಲೆ ಬಿದ್ದ ಗಿಣಿಯಂತಾಗಿದ್ದೇನೆ ಅನ್ನುವ ಮಾತು. ಕೇಳಿ ಕೇಳಿ ಪತ್ರಿಕೆಯವರು ಲೇವಡಿ ಮಾಡತೊಡಗಿದರು. ಹಾಗಾಗಿ ಇವತ್ತಿಗೂ ಆ ಮಾತಿನಲ್ಲಿ ಒಂಚೂರು ತಮಾಷೆ ಉಳಿದಿದೆ. ನಿಮಗೆ ಮಗು ಹುಟ್ಟಿದಾಗ ಧಾರಾಳವಾಗಿ ಹೇಳಿ. ರಜೆ ಅರ್ಜಿ ಮಂಜೂರಾದದ್ದಕ್ಕೆ ಬೇಡ.

ಕೊನೆಗೆ, ಯಾವ ಪದ ಬಳಸಿದರೂ ಕಾರಣ ಸೇರಿಸಿ. ಬರೀ 'ಕಂಗ್ರಾಟ್ಸ್' ಅನ್ನುವ ಬದಲು 'ಕಂಗ್ರಾಜುಲೇಷನ್ಸ್ ಆನ್ ಯುವರ್ ಪ್ರಮೋಷನ್, ಯೂ ವರ್ಕ್ಡ್ ಸೋ ಹಾರ್ಡ್ ಫಾರ್ ಇಟ್' ಅನ್ನಿ. 'ಫಾರ್ ಯುವರ್ ಪ್ರಮೋಷನ್' ಅಂತ ಬರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಅಲ್ಲಿ 'ಆನ್' ಬರಬೇಕು.

ಪ್ರಶ್ನೆ: ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದುತ್ತಿದ್ದಾಳೆ. ರಿಸಲ್ಟ್ ಬಂದ ದಿನ 'ಚಫ್ಟ್ ಟು ಬಿಟ್ಸ್' ಅಂತ ಮೆಸೇಜ್ ಹಾಕಿದಳು. ಚೂರು ಚೂರಾಗಿದ್ದೇನೆ ಅಂತಿದ್ದಾಳೇನೋ ಅಂದುಕೊಂಡು ಎದೆ ಧಸಕ್ಕೆಂದಿತು. ಫೋನ್ ಮಾಡಿದರೆ ನಗುತ್ತಾಳೆ!
– ಹಾಸನದ ಓದುಗರು

ಉತ್ತರ: ಗಾಬರಿ ಬೇಡಮ್ಮ, ಮಗಳು ಚೆನ್ನಾಗಿ ಪಾಸಾಗಿದ್ದಾಳೆ. 'ಚಫ್ಟ್' ಅಂದರೆ ಹಿಗ್ಗುವುದು. 'ಟು ಬಿಟ್ಸ್' ಸೇರಿದರೆ ಸಿಕ್ಕಾಪಟ್ಟೆ ಹಿಗ್ಗು. 1950ರ ದಶಕದಲ್ಲಿ ಬ್ರಿಟಿಷ್ ಸೈನಿಕರ ಬಾಯಲ್ಲಿ ಓಡಾಡುತ್ತಿದ್ದ ಮಾತು ಇದು. ವಿಚಿತ್ರ ಅಂದರೆ ಆಗ ಕೆಲವರು ಇದನ್ನು ಬೇಜಾರಾದಾಗಲೂ ಬಳಸುತ್ತಿದ್ದರು, ಆ ಅರ್ಥ ಹಿಂದೆಯೇ ಉಳಿಯಿತು. ಆದ್ದರಿಂದ ನಿಮಗೆ ಭಯವಾದದ್ದರಲ್ಲಿ ತಪ್ಪೇನಿಲ್ಲ. ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಿದ್ದರೆ 'ಸ್ಟೋಕ್ಡ್' ಅನ್ನುತ್ತಿದ್ದಳೋ ಏನೋ. ಕುಲುಮೆಗೆ ಇದ್ದಿಲು ತುಂಬಿ ಬೆಂಕಿ ಜೋರು ಮಾಡುವುದಕ್ಕೆ ಇರುವ ಪದ ಅದು. ಅಲ್ಲಿನ ಅಲೆ ಸವಾರಿಯ ಹುಡುಗರು ಅದನ್ನು ಉತ್ಸಾಹಕ್ಕೆ ಹಚ್ಚಿದರು. ಎರಡೂ ಗೆಳೆಯರ ನಡುವಿನ ಮಾತು, ಅವಳ ಪ್ರೊಫೆಸರಿಗೆ ಬರೆಯುವುದಕ್ಕಲ್ಲ. ನೀವು ಉತ್ತರವಾಗಿ 'ಸೋ ಪ್ರೌಡ್ ಆಫ್ ಯೂ' ಅಂತ ಕಳಿಸಿ. ತಾಯಿ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಇಂಗ್ಲಿಷ್ ಬೇಕಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 'ವಿ ಎಂಜಾಯ್ಡ್ ಎ ಲಾಟ್' ತಪ್ಪು, 'ಐಯಾಮ್ ಟೂ ಹ್ಯಾಪಿ' ತಪ್ಪು, 'ಗೇ' ಅನ್ನಲೇಬಾರದು ಅಂತ ಮೊಮ್ಮಗ ತಿದ್ದುತ್ತಾನೆ. ಯಾರು ಸರಿ?
– ತಿಪಟೂರಿನ ಓದುಗರು

ಉತ್ತರ: ಮೇಷ್ಟ್ರೇ, ಮೊಮ್ಮಗನಿಗೆ ಜಾಸ್ತಿ ಅಂಕ ಹೋಗುತ್ತದೆ, ಆದರೆ ನಿಮಗೆ ಸೊನ್ನೆ ಇಲ್ಲ. 'ಎಂಜಾಯ್' ಒಂಟಿಯಾಗಿ ನಿಲ್ಲುವುದಿಲ್ಲ, ಏನನ್ನು ಅಂತ ಹೇಳಬೇಕು: 'ವಿ ಎಂಜಾಯ್ಡ್ ದ ಟ್ರಿಪ್'. ಇಲ್ಲವೇ 'ವಿ ಹ್ಯಾಡ್ ಎ ಗ್ರೇಟ್ ಟೈಮ್'. ಭಾರತದಲ್ಲಿ ಎಲ್ಲರೂ ನಿಮ್ಮಂತೆಯೇ ಮಾತಾಡುತ್ತಾರೆ, ಇಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಹೊರಗಿನವರ ಜೊತೆ ಮಾತ್ರ ಎಚ್ಚರವಿರಲಿ. 'ಟೂ' ಅಂದರೆ ಅತಿಯಾಯಿತು ಅಂತ. 'ಐಯಾಮ್ ಸೋ ಹ್ಯಾಪಿ' ಅನ್ನಿ. ಹಾಗಂತ ಮೊಮ್ಮಗ ಬೀಗಬೇಕಿಲ್ಲ. 'ಐಯಾಮ್ ಓನ್ಲಿ ಟೂ ಹ್ಯಾಪಿ ಟು ಹೆಲ್ಪ್' ಅನ್ನುವುದು ಅಪ್ಪಟ ಇಂಗ್ಲಿಷ್, ಸಹಾಯ ಮಾಡಲು ಬಹಳ ಸಂತೋಷ ಅಂತ ಅರ್ಥ. ಇದನ್ನು ಅವನ ಮೇಲೆ ಪ್ರಯೋಗಿಸಿ.

'ಗೇ' ವಿಷಯದಲ್ಲಿ ಅವನ ಮಾತು ಕೇಳಿ. ನೀವು ಪಾಠ ಮಾಡಿದ ಹಳೆಯ ಪದ್ಯಗಳಲ್ಲಿ ಅದು ಉಲ್ಲಾಸವೇ. ಈಗ ಆ ಪದ ಸಲಿಂಗಪ್ರೇಮಿಗಳದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ನೀವು ಸಂತೋಷವಾಗಿದ್ದೀರಿ ಅಂತ ಕೇಳಿದವರಿಗೆ ಹೊಳೆಯುವುದಿಲ್ಲ. ಆ ಜಾಗಕ್ಕೆ 'ಚಿಯರ್‌ಫುಲ್' ಹಾಕಿಕೊಳ್ಳಿ.