ಆ ರನ್‌ವೇ ಸಾಹಸಕ್ಕೆ ಕಟ್ಟಿದ್ದಲ್ಲ

ಆತ್ಮೀಯ ಓದುಗರೇ,

ಸಾಬಾ ದ್ವೀಪದಲ್ಲಿ ವಿಮಾನ ಇಳಿಯುವ ವಿಡಿಯೊ ನೋಡಿ ನೀವು ಕೇಳಿದ್ದೀರಿ: ಎರಡೂ ತುದಿಗೆ ಸಮುದ್ರ, ನಡುವೆ ಬರೀ 400 ಮೀಟರ್ ರನ್‌ವೇ, ಇದು ಪ್ರವಾಸಿಗರನ್ನು ಸೆಳೆಯೋಕೆ ಮಾಡಿದ್ದು ಅಲ್ವಾ, ಇನ್ನಷ್ಟು ಉದ್ದ ಮಾಡಬಾರದಿತ್ತಾ ಅಂತ.

ಪ್ರವಾಸಿಗರಿಗಾಗಿ ಖಂಡಿತ ಅಲ್ಲ. ಕೆರಿಬಿಯನ್ ಸಮುದ್ರದ ಈ ಡಚ್ ದ್ವೀಪ ಬರೀ 13 ಚದರ ಕಿಲೋಮೀಟರ್. ನೀರಿನಿಂದ ನೇರ ಎದ್ದ ಜ್ವಾಲಾಮುಖಿ ಬೆಟ್ಟ ಅದು. ಒಳ್ಳೆಯ ಬಂದರು ಇರಲಿಲ್ಲ. ಅಲೆಗಳ ನಡುವೆ ದೋಣಿಯಿಂದ ಸಾಮಾನು ಇಳಿಸಿ, ಬಂಡೆಯಲ್ಲಿ ಕಡಿದ ಸುಮಾರು 800 ಮೆಟ್ಟಿಲು ಹತ್ತಿ ಊರಿಗೆ ಹೊರಬೇಕಿತ್ತು.

ರಸ್ತೆ ಸಾಧ್ಯವೇ ಇಲ್ಲ ಅಂದಿದ್ದರು ಡಚ್ ಎಂಜಿನಿಯರುಗಳು. ಆಗ ಊರಿನವನೇ ಆದ ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಅಂಚೆ ಮೂಲಕ ರಸ್ತೆ ಕಟ್ಟುವ ಪಾಠ ಕಲಿತ. 1938ರಲ್ಲಿ ಕೆಲಸ ಶುರುವಾಯ್ತು, ಹೆಚ್ಚಿನದೆಲ್ಲ ಕೈಯಿಂದಲೇ. ಮೊದಲ ಮೋಟಾರು ಗಾಡಿ ಬಂದದ್ದು 1947ರಲ್ಲಿ. ಈ ರಸ್ತೆಯ ಕಥೆ ಯಾಕೆ ಹೇಳಿದೆ ಅಂದರೆ, ವಿಮಾನ ನಿಲ್ದಾಣವೂ ಹಾಗೇ ಶುರುವಾಯಿತು.

ದ್ವೀಪದಲ್ಲಿ ಸಮತಟ್ಟು ಅನ್ನಬಹುದಾದ ಜಾಗ ಒಂದೇ, ಫ್ಲಾಟ್ ಪಾಯಿಂಟ್. ಹಿಂದೊಮ್ಮೆ ಲಾವಾ ಹರಿದು ಸಮುದ್ರದೊಳಕ್ಕೆ ಚಾಚಿ ನಿಂತ ನೆಲ. ಪಕ್ಕದ ಸೇಂಟ್ ಬಾರ್ತ್ ದ್ವೀಪದ ಪೈಲಟ್ ರೆಮಿ ಡಿ ಹೈನೆನ್ ಅದನ್ನು ನೋಡಿ, ಇಲ್ಲಿ ಇಳಿಯಬಹುದು ಅಂದ. ಜನ ಬಂಡೆ ಉರುಳಿಸಿ, ಗುಂಡಿ ಮುಚ್ಚಿ, ಕೈಯಾರೆ ನೆಲ ಹಸನು ಮಾಡಿದರು. 1959ರ ಫೆಬ್ರುವರಿ 9ರಂದು ಅವನು ಇಳಿದೇ ಬಿಟ್ಟ. ಸರಿಯಾದ ರನ್‌ವೇ, ನಿಲ್ದಾಣ ಎಲ್ಲ ಬಂದದ್ದು ಆಮೇಲೆ, 1963ರಲ್ಲಿ. ಈ ಕ್ರಮವೇ ನನಗೆ ಮುಖ್ಯ ಅನ್ನಿಸುತ್ತದೆ: ಮೊದಲು ಜನರ ಕೈ, ಆಮೇಲೆ ಸರ್ಕಾರದ ಕಾಂಕ್ರೀಟು. ಹೆಸರು ಮಾತ್ರ ಮಂತ್ರಿಯಾಗಿದ್ದ ಹ್ವಾಂಚೊ ಇರಾಸ್ಕಿನ್ ಅವರದ್ದು.

ಇನ್ನು ಉದ್ದದ ಮಾತು. ಬೆಳೆಸೋಕೆ ಅಲ್ಲಿ ಭೂಮಿಯೇ ಇಲ್ಲ. ಹಾಗಾಗಿ ರನ್‌ವೇಗೆ ಒಗ್ಗುವ ವಿಮಾನವನ್ನೇ ತಂದರು. ಟ್ವಿನ್ ಆಟರ್ ಅನ್ನುವ ಆ ವಿಮಾನ ಚಿಕ್ಕದು, ನಿಧಾನಕ್ಕೆ ಹಾರಬಲ್ಲದು. ರೆಕ್ಕೆಯ ಹಿಂಬದಿಯ ಅಗಲದ ಮಡಿಕೆಗಳನ್ನು (ಫ್ಲಾಪ್) ಇಳಿಸಿ, ಎದುರು ಗಾಳಿಗೆ ಮುಖ ಕೊಟ್ಟು ಬಂದು, ನೆಲ ಮುಟ್ಟಿದ ಕೂಡಲೇ ಪ್ರೊಪೆಲರ್‌ನ ಎಳೆತವನ್ನು ಹಿಮ್ಮುಖ ಮಾಡಿ ನಿಲ್ಲುತ್ತದೆ. ಜೆಟ್‌ಗಳಿಗೆ ಅಲ್ಲಿ ಜಾಗವಿಲ್ಲ. ಎಲ್ಲ ಪೈಲಟ್‌ಗಳೂ ಇಳಿಯುವಂತಿಲ್ಲ, ಅದಕ್ಕೆ ವಿಶೇಷ ಅನುಮತಿ ಬೇಕು.

'ಅಪಾಯಕಾರಿ' ಅಂತ ಶೀರ್ಷಿಕೆ ಹಾಕಿ ಆ ವಿಡಿಯೊ ಹಂಚುವವರ ಬಗ್ಗೆ ನನಗೆ ಬೇಸರವಿದೆ. ಆ ರನ್‌ವೇ ಇರುವುದರಿಂದಲೇ ದೊಡ್ಡ ಆಸ್ಪತ್ರೆ ಬೇಕಾದ ಸಾಬಾದ ರೋಗಿಗೆ ಪಕ್ಕದ ಸೇಂಟ್ ಮಾರ್ಟನ್ ದ್ವೀಪ ಈಗ ವಿಮಾನದಲ್ಲಿ ಸುಮಾರು 15 ನಿಮಿಷದ ದಾರಿ.

– ಸಂಪಾದಕ