ತೊಗರಿಗೆ ಹುಳ ಬಿದ್ದಿದೆ, ಯಾವ ಎಣ್ಣೆ (ಕೀಟನಾಶಕ) ಹೊಡೆದರೆ ಒಂದೇ ಸಲಕ್ಕೆ ಸಾಯುತ್ತದೆ?

ಸೇಡಂ ಕಡೆ ನಾಲ್ಕು ಎಕರೆ, ಹೂ ನಿಂತಿದೆ, ಹಸಿರು ಹುಳ ಕಾಣಿಸಿದೆ, ಅಂಗಡಿಯವರು ಮೂರು ಎಣ್ಣೆ ಬೆರೆಸಿ ಹೊಡೆಯಿರಿ ಅಂದಿದ್ದಾರೆ. ನಿಮ್ಮ ಪ್ರಶ್ನೆಯಲ್ಲಿ ಇಷ್ಟು ಓದಿದ ಕೂಡಲೇ ನನ್ನ ಹೊಲವೇ ಕಣ್ಣ ಮುಂದೆ ಬಂತು. ನಾನೂ ಅಂಗಡಿ ಮುಂದೆ ನಿಂತು ‘ಸ್ಟ್ರಾಂಗ್ ಯಾವುದಿದೆ ಕೊಡ್ರಿ’ ಅಂದವನೇ.

ನಂದು ಆಳಂದ ತಾಲೂಕು. ಆರು ಎಕರೆ ಎರೆ ಭೂಮಿ, ಮಳೆ ನಂಬಿದ ಬೆಳೆ. ಆ ವರ್ಷ ದೀಪಾವಳಿಗೆ ಇನ್ನೂ ವಾರ ಇತ್ತು, ಹೊಲ ಪೂರ್ತಿ ಹಳದಿ. ಜೊತೆಗೆ ಎರಡು ದಿನದಿಂದ ಮೋಡ. ‘ಮೋಡ ಕವಿದರೆ ಕೀಡೆ (ಹುಳ) ಬೀಳುತ್ತದೆ, ಹೋಗಿ ನೋಡು’ ಎಂದು ಅಪ್ಪ ಹೇಳಿದರು. ನಾನು ಹೋದೆ. ಬೈಕಿನಿಂದ ಇಳಿಯಲಿಲ್ಲ. ಬದುವಿನ ಮೇಲಿಂದಲೇ ನೋಡಿ ‘ಏನೂ ಇಲ್ಲ, ಹಬ್ಬ ಮುಗಿಯಲಿ’ ಎಂದು ಬಂದುಬಿಟ್ಟೆ.

ಕೆಟ್ಟದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಹಸಿರು ಹುಳ ಅಂದರೆ ಕಾಯಿ ಕೊರಕ, ಒಂದು ಪತಂಗದ ಮರಿ. ಆ ಪತಂಗ ರಾತ್ರಿ ಬಂದು ಮೊಗ್ಗಿನ ಮೇಲೆ, ಎಳೆ ಚಿಗುರಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಗಸಗಸೆ ಕಾಳಿನಷ್ಟು, ಬಿಳಿ. ಬದುವಿನಿಂದ ಯಾರಿಗೆ ಕಾಣುತ್ತದೆ? ಮೂರರಿಂದ ಐದು ದಿನಕ್ಕೆ ಮರಿ ಹೊರಬರುತ್ತದೆ. ಮೊದಮೊದಲು ಹೂವಿನೊಳಗೇ ಇದ್ದು ಮೊಗ್ಗು ಕೆರೆಯುತ್ತದೆ. ಆಗ ಅದರ ಮೈ ಮೆತ್ತಗೆ, ಬೇವಿನ ಕಷಾಯಕ್ಕೂ ಸಾಯುತ್ತದೆ. ಬಲಿತ ಮೇಲೆ ಕಾಯಿ ಕೊರೆದು ತಲೆ ಒಳಗೆ, ಅರ್ಧ ಮೈ ಹೊರಗೆ ಇಟ್ಟುಕೊಂಡು ತಿನ್ನುತ್ತದೆ. ಹದಿನೈದಿಪ್ಪತ್ತು ದಿನ ತಿಂದು ಮಣ್ಣಿಗೆ ಇಳಿದು ಕೋಶ ಕಟ್ಟುತ್ತದೆ. ಅಂದರೆ ದೂರದಿಂದ ಕಣ್ಣಿಗೆ ಬೀಳುವಷ್ಟು ದಪ್ಪ ಹುಳ ತಿನ್ನುವುದನ್ನು ಬಹುಪಾಲು ತಿಂದು ಮುಗಿಸಿದೆ. ನಾನು ಎಣ್ಣೆ ಹೊಡೆದದ್ದು ಬದುವಿನಿಂದ ನೋಡಿ ಬಂದ ಹನ್ನೆರಡನೇ ದಿನ. ಅಂಗಡಿಯವರು ಬೆರೆಸಿ ಕೊಟ್ಟ ಸ್ಟ್ರಾಂಗ್ ಎಣ್ಣೆಯೇ. ಸಾಯಲಿಲ್ಲ ಎಂದು ಮತ್ತೆ ಹೊಡೆದೆ. ಮೂರನೇ ಸಲವೂ ಹೊಡೆದೆ. ಹುಳ ತಿನ್ನುವ ಹಕ್ಕಿ ಬರುವುದು ನಿಂತಿತು, ಹುಳ ನಿಲ್ಲಲಿಲ್ಲ.

ಎಳ್ಳಮಾವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋದೆವು. ಚರಗ (ಹೊಲಕ್ಕೆ ಚೆಲ್ಲುವ ನೈವೇದ್ಯ) ಚೆಲ್ಲಿ ಬಂದ ಅವ್ವ ಒಂದು ಕಾಯಿ ಬಿಡಿಸಿದಳು. ನಾಲ್ಕರಲ್ಲಿ ಒಂದೇ ಕಾಳು. ಇನ್ನೊಂದು ಬಿಡಿಸಿದಳು, ಆಮೇಲೆ ಸುಮ್ಮನಾದಳು. ಆರು ಎಕರೆಗೆ ಒಂಬತ್ತು ಕ್ವಿಂಟಲ್ ಬಂತು. ಅದರಲ್ಲೂ ತೂತು ಬಿದ್ದದ್ದೇ ಜಾಸ್ತಿ.

ಅದಕ್ಕೇ ‘ಯಾವ ಎಣ್ಣೆ’ ಎಂಬ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಹುಳ ಎಷ್ಟು ಉದ್ದ ಇದೆ? ಅದನ್ನು ಮೊದಲು ಹೇಳಿ. ಹೊಲದೊಳಗೆ ಇಳಿಯಿರಿ, ಅಲ್ಲೊಂದು ಇಲ್ಲೊಂದು ಇಪ್ಪತ್ತು ಗಿಡ ಆರಿಸಿ, ಮೊಗ್ಗು, ಚಿಗುರಿನ ಮೇಲೆ ಮೊಟ್ಟೆ ನೋಡಿ, ಆಮೇಲೆ ಕೆಳಗೆ ಬಟ್ಟೆ ಹಾಸಿ ಅಲ್ಲಾಡಿಸಿ. ಗಿಡಕ್ಕೊಂದು ಹುಳ ಅಥವಾ ಎರಡು ಮೊಟ್ಟೆ ಸರಾಸರಿ ಸಿಕ್ಕರೆ ಮಾತ್ರ ಕೆಲಸ ಶುರು ಮಾಡಿ. ಬರೀ ಮೊಟ್ಟೆ, ಸಣ್ಣ ಮರಿ ಇದ್ದರೆ ಬೇವು ಸಾಕು. ಐದು ಕೆಜಿ ಬೇವಿನ ಬೀಜದ ಪುಡಿ ರಾತ್ರಿ ನೆನೆಹಾಕಿ, ಸೋಸಿ, ನೂರು ಲೀಟರ್ ಮಾಡಿಕೊಂಡು ಸಂಜೆ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಅದರ ಶಕ್ತಿ ಹೋಗುತ್ತದೆ.

ಹುಳ ಬಲಿತಿದ್ದರೆ ನಮ್ಮ ಕಲಬುರಗಿ ಕಡೆಯ ಹಳೇ ದಾರಿಯೇ ವಾಸಿ: ಗಿಡ ಬಗ್ಗಿಸಿ, ಅಲ್ಲಾಡಿಸಿ, ತಾಡಪತ್ರಿ ಮೇಲೆ ಬೀಳಿಸಿ ಕೋಳಿಗೆ ಹಾಕುವುದು. ಅಪ್ಪ ಹೀಗೆ ಮಾಡುವಾಗ ನಾನು ನಕ್ಕಿದ್ದೆ. ಹೂ ಉದುರುತ್ತದೆ ಎಂಬ ಹೆದರಿಕೆ ಬೇಡ, ತೊಗರಿ ಹೂವಿನಲ್ಲಿ ಬಹುಪಾಲು ಹೇಗಿದ್ದರೂ ತಾನೇ ಉದುರುತ್ತದೆ. ಆಳು ಸಿಗುವುದಿಲ್ಲ ಎಂಬುದು ನಿಜ. ನಾವು ಮನೆಯವರೇ ನಾಲ್ಕು ಜನ ಮಾಡುತ್ತೇವೆ.

ಹೊಡೆಯಲೇಬೇಕು ಅಂದರೆ ಒಂದೇ ಔಷಧಿ, ಎಮಾಮೆಕ್ಟಿನ್ ಅಥವಾ ಕ್ಲೋರಾಂಟ್ರಾನಿಲಿಪ್ರೋಲ್, ಡಬ್ಬಿ ಮೇಲೆ ಬರೆದಷ್ಟೇ. ಬೆರಕೆ ಬೇಡ. ಮೇಲೆ ಮೇಲೆ ಹೊಡೆಯದೆ ಹೂಗೊಂಚಲು ನೆನೆಯುವ ಹಾಗೆ ಹೊಡೆಯಿರಿ. ಅಂಗಡಿಯಲ್ಲಿ ಕೇಳುವ ಬದಲು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಹುಳ ಇರುವ ಒಂದು ಕೊಂಬೆ ಒಯ್ಯಿರಿ, ಅಲ್ಲಿ ಮಾರಾಟದ ಆಸೆ ಇರುವುದಿಲ್ಲ ಅಲ್ವಾ.

ಮುಂದಿನ ವರ್ಷದ ಮಾತು ಬೇರೆ. ಬಿತ್ತುವಾಗ ತೊಗರಿ ಬೀಜಕ್ಕೆ ಒಂದು ಹಿಡಿ ಜೋಳ ಬೆರೆಸಿ, ಹಕ್ಕಿ ಕೂರಲು ಅದೇ ಸಾಕು. ಎಕರೆಗೆ ಎರಡು ಮೋಹಕ ಬಲೆ (ವಾಸನೆಯಿಂದ ಗಂಡು ಪತಂಗ ಸೆಳೆದು ಹಿಡಿಯುವ ಬಲೆ) ಕಟ್ಟಿ. ಈಗ ಮಾತ್ರ ನಾಳೆ ಬೆಳಿಗ್ಗೆ ಇಪ್ಪತ್ತು ಗಿಡ ಅಲ್ಲಾಡಿಸಿ, ಎಷ್ಟು ಹುಳ, ಎಷ್ಟು ಉದ್ದ ಎಂದು ಇಲ್ಲೇ ಬರೆಯಿರಿ. ನೋಡಿ ಹೇಳುತ್ತೇನೆ.